ಯೆರಿಕೋ ದಾರಿಯ ಕಥೆ ಮತ್ತು ಅಧಿಕಾರದ ನಾಲಿಗೆ

ದೃಷ್ಟಾಂತಗಳ ಮೂಲಕ ಬೋಧಿಸುವ ಕ್ರಮ ನಮಗೆ ಹೊಸತಲ್ಲ. ಜೇಡನ ಮನೆ, ಕ್ಷುಲ್ಲಕವೆನಿಸುವ ಸೊಳ್ಳೆ, ಬಂಡೆಯ ಮೇಲಿನ ಮಣ್ಣನ್ನು ತೊಳೆದೊಯ್ಯುವ ಮಳೆ, ಇವೆಲ್ಲವನ್ನೂ ಮುಂದಿಟ್ಟು ಪವಿತ್ರ ಕುರ್‌ಆನ್ ನಮ್ಮನ್ನು ಚಿಂತನೆಗೆ ಹಚ್ಚುತ್ತದೆ. ಕ್ರೈಸ್ತರ ಸುವಾರ್ತೆಗಳಲ್ಲಿ ಪ್ರವಾದಿ ಈಸಾ(ಅ)ರ ಬೋಧನೆಯೆಂದು ದಾಖಲಾಗಿರುವ ಸಾಮತಿಗಳ ರೀತಿಯೂ ಇದೇ. ದೃಷ್ಟಾಂತವು ಕೇಳುಗನನ್ನೇ ವಿಚಾರಣೆಗೆ ನಿಲ್ಲಿಸುತ್ತದೆ. ಆದರೆ ಅದೇ ಕಥೆ ಅಧಿಕಾರಸ್ಥರ ನಾಲಿಗೆಗೆ ಬಂದಾಗ ಏನಾಗುತ್ತದೆ? ಕಳೆದ ಶತಮಾನದ ಇತಿಹಾಸವು ಇದಕ್ಕೆ ಸ್ಪಷ್ಟ ಉತ್ತರವನ್ನು ನೀಡುತ್ತದೆ.

ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಒಂದು ಕಥೆಯಿದೆ. ಯೆರೂಸಲೇಮಿನಿಂದ ಯೆರಿಕೋ ಪಟ್ಟಣಕ್ಕೆ ಇಳಿದು ಹೋಗುತ್ತಿದ್ದ ಪ್ರಯಾಣಿಕನೊಬ್ಬನನ್ನು ಕಳ್ಳರು ದೋಚಿ, ಹೊಡೆದು, ಅರೆಜೀವವಾಗಿ ಬಿಟ್ಟುಹೋದರು. ಆ ದಾರಿಯಾಗಿ ಬಂದ ಯಾಜಕನು ಅವನನ್ನು ಕಂಡೂ ಆಚೆ ಬದಿಯಿಂದ ಹೊರಟುಹೋದನು. ದೇವಾಲಯದ ಸೇವಕನಾದ ಲೇವಿಯನೂ ಹಾಗೆಯೇ ಮಾಡಿದನು. ಕೊನೆಗೆ ಬಂದವನು ಒಬ್ಬ ಸಮಾರ್ಯದವನು. ಅವನು ಗಾಯಗಳಿಗೆ ಕಟ್ಟು ಕಟ್ಟಿ, ತನ್ನ ವಾಹನದ ಮೇಲೆ ಕೂರಿಸಿಕೊಂಡು ಛತ್ರಕ್ಕೆ ಕರೆದೊಯ್ದು, ಆರೈಕೆಗಾಗಿ ಎರಡು ಬೆಳ್ಳಿ ನಾಣ್ಯಗಳನ್ನು ಕೊಟ್ಟನು. ಯೆಹೂದಿಗಳಿಗೂ ಸಮಾರ್ಯದವರಿಗೂ ಹಳೆಯ ಹಗೆಯಿತ್ತು. ಗೆರಿಜಿಮ್ ಬೆಟ್ಟದ ಮೇಲಿದ್ದ ಸಮಾರ್ಯದವರ ಆಲಯವನ್ನು ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಯೆಹೂದಿ ಅರಸ ಹಿರ್ಕಾನಸ್ ಕೆಡವಿಸಿದ್ದನು. ‘ನನ್ನ ನೆರೆಯವನು ಯಾರು?’ ಎಂಬ ಪ್ರಶ್ನೆಗೆ ಉತ್ತರವಾಗಿ ಬಂದ ಈ ಕಥೆಯಲ್ಲಿ, ಕೇಳುಗರು ತಮ್ಮವನಲ್ಲವೆಂದು ದೂರವಿಟ್ಟವನೇ ನೆರೆಯವನಾದನು. ಕಥೆಯ ತಿರುಳು ಇರುವುದು ಇಲ್ಲಿ.

1980ರ ಜನವರಿ 6ರಂದು ದೂರದರ್ಶನ ಸಂದರ್ಶನವೊಂದರಲ್ಲಿ ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಈ ಕಥೆಗೆ ಬೇರೊಂದು ತಿರುವು ಕೊಟ್ಟರು. ಸಮಾರ್ಯದವನಲ್ಲಿ ಸದುದ್ದೇಶ ಮಾತ್ರ ಇದ್ದಿದ್ದರೆ ಇಂದು ಯಾರೂ ಅವನನ್ನು ನೆನೆಯುತ್ತಿರಲಿಲ್ಲ, ಅವನಲ್ಲಿ ಹಣವೂ ಇತ್ತು ಎಂಬುದು ಅವರ ವಾದ. ಸಂಪತ್ತು ಇಲ್ಲದೆ ದಾನವಿಲ್ಲ ಎಂಬ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಯಾಜಕನೂ ಲೇವಿಯನೂ ಬರಿಗೈಯವರಾಗಿದ್ದರೆಂದು ಕಥೆ ಎಲ್ಲಿಯೂ ಹೇಳುವುದಿಲ್ಲ. ಅವರಲ್ಲಿ ಇಲ್ಲದಿದ್ದುದು ಕನಿಕರ. ಕನಿಕರವನ್ನು ಹಿಂದಕ್ಕೆ ಸರಿಸಿ ಹಣದ ಚೀಲವನ್ನು ಮುಂದಿಟ್ಟಾಗ ಉಪದೇಶವು ಆರ್ಥಿಕ ನೀತಿಯ ಸಮರ್ಥನೆಯಾಗಿ ಮಾರ್ಪಟ್ಟಿತು. ಎರಡು ವರ್ಷಗಳ ಬಳಿಕ, 1982ರ ಆರಂಭದಲ್ಲಿ, ಆ ದೇಶದ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷವನ್ನು ದಾಟಿತ್ತು. 1985ರಲ್ಲಿ ಇಂಗ್ಲೆಂಡಿನ ಚರ್ಚ್ ನಗರಗಳ ಬಡತನದ ಕುರಿತು ವರದಿಯೊಂದನ್ನು ಪ್ರಕಟಿಸಿದಾಗ ಆಡಳಿತ ಪಕ್ಷದಲ್ಲಿ ಅಸಮಾಧಾನ ಎದ್ದಿತು. 1988ರ ಮೇ 21ರಂದು ಎಡಿನ್‌ಬರೋದಲ್ಲಿ ಸ್ಕಾಟ್ಲೆಂಡಿನ ಚರ್ಚಿನ ಮಹಾಸಭೆಯ ಮುಂದೆ ಥ್ಯಾಚರ್ ಧರ್ಮಗ್ರಂಥದ ಆಧಾರದಿಂದಲೇ ದುಡಿಮೆ ಮತ್ತು ಸಂಪತ್ತನ್ನು ಸಮರ್ಥಿಸಿ ಮಾತನಾಡಿದರು. ಸಭೆಯ ಅಧ್ಯಕ್ಷರು ಸೌಜನ್ಯದಿಂದಲೇ ವಸತಿ ಮತ್ತು ಬಡತನದ ಬಗೆಗಿನ ಚರ್ಚಿನ ವರದಿಗಳನ್ನು ಅವರ ಕೈಗಿತ್ತರು. ಆ ಕೊಡುಗೆಯೇ ಒಂದು ಉತ್ತರವಾಗಿತ್ತು.

ಇದೇ ಕಥೆಯನ್ನು ಬಳಸಿದ ಇನ್ನೊಬ್ಬ ಜನನಾಯಕರು ಮಾರ್ಟಿನ್ ಲೂಥರ್ ಕಿಂಗ್. ಅಮೆರಿಕದ ಮೆಂಫಿಸ್ ನಗರದಲ್ಲಿ 1968ರ ಫೆಬ್ರವರಿ 1ರಂದು ಇಬ್ಬರು ಕರಿಯ ಪೌರಕಾರ್ಮಿಕರು ಕಸದ ಲಾರಿಯ ಯಂತ್ರಕ್ಕೆ ಸಿಲುಕಿ ಪ್ರಾಣ ಕಳೆದುಕೊಂಡರು. ಆ ಬಳಿಕ ಸುಮಾರು 1,300 ಕಾರ್ಮಿಕರು ಮುಷ್ಕರ ಹೂಡಿದರು. ಅವರ ಬೆಂಬಲಕ್ಕೆ ಬಂದ ಕಿಂಗ್, ಏಪ್ರಿಲ್ 3ರ ರಾತ್ರಿಯ ಭಾಷಣದಲ್ಲಿ ಯೆರಿಕೋ ದಾರಿಯನ್ನು ನೆನಪಿಸಿದರು. ದಾಟಿಹೋದವರು ‘ನಿಂತರೆ ನನಗೇನಾದೀತು’ ಎಂದು ಯೋಚಿಸಿದರೆ, ಸಮಾರ್ಯದವನು ‘ನಿಲ್ಲದಿದ್ದರೆ ಇವನ ಗತಿಯೇನು’ ಎಂದು ಯೋಚಿಸಿದನು ಎಂಬುದು ಅವರ ವಿವರಣೆಯ ಸಾರ. ಅದಕ್ಕೂ ಒಂದು ವರ್ಷದ ಹಿಂದೆ, ನ್ಯೂಯಾರ್ಕಿನಲ್ಲಿ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಮಾತನಾಡುತ್ತಾ, ಗಾಯಾಳುವಿಗೆ ಕಟ್ಟು ಕಟ್ಟಿದರಷ್ಟೇ ಸಾಲದು, ಪಯಣಿಗರು ಮತ್ತೆ ಮತ್ತೆ ದೋಚಲ್ಪಡುವ ಆ ದಾರಿಯನ್ನೇ ಬದಲಿಸಬೇಕು ಎಂದಿದ್ದರು. ಮೆಂಫಿಸ್ ಭಾಷಣದ ಮರುದಿನವೇ ಅವರು ಗುಂಡಿಗೆ ಬಲಿಯಾದರು. ಕಥೆಯ ಪ್ರಶ್ನೆಯನ್ನು ಅವರು ಮೊದಲು ತಮಗೇ ಕೇಳಿಕೊಂಡಿದ್ದರು, ಅದರ ಬೆಲೆಯನ್ನೂ ತೆತ್ತರು.

2001ರ ಜನವರಿ 20ರಂದು ಅಮೆರಿಕದ ಅಧ್ಯಕ್ಷರಾಗಿ ಪ್ರಮಾಣ ಸ್ವೀಕರಿಸಿದ ಜಾರ್ಜ್ ಡಬ್ಲ್ಯು. ಬುಷ್, ಯೆರಿಕೋ ದಾರಿಯ ಗಾಯಾಳುವನ್ನು ಕಂಡು ನಾವು ಆಚೆ ಬದಿಗೆ ಸರಿದು ಹೋಗುವುದಿಲ್ಲವೆಂದು ರಾಷ್ಟ್ರದ ಪರವಾಗಿ ವಚನವಿತ್ತರು. ತಮ್ಮ ನಾಡಿನ ಬಡತನದ ಸಂದರ್ಭದಲ್ಲಿ ಆಡಿದ ಮಾತದು. 2003ರ ಮಾರ್ಚ್‌ನಲ್ಲಿ ಅದೇ ಅಧ್ಯಕ್ಷರ ಆಜ್ಞೆಯಂತೆ ಇರಾಕಿನ ಮೇಲೆ ಬಾಂಬುಗಳು ಬಿದ್ದವು. ‘ನೆರೆಯವನು ಯಾರು?’ ಎಂಬ ಪ್ರಶ್ನೆ ದೇಶದ ಗಡಿಯಲ್ಲಿ ನಿಂತುಬಿಡುವುದೇ? ಗಡಿಯಾಚೆಯವನನ್ನೇ ಮೇಲ್ಪಂಕ್ತಿಯಾಗಿಸಿದ ಕಥೆಯಲ್ಲವೇ ಅದು?

ಈ ಮೂರು ಪ್ರಸಂಗಗಳನ್ನು ಕ್ರೈಸ್ತ ಜಗತ್ತಿನ ದೋಷವೆಂದು ಓದಿ ಮುಗಿಸುವುದು ಸುಲಭ. ಆದರೆ ನಮ್ಮ ಇತಿಹಾಸದಲ್ಲಿಯೂ ಸಿಫ್ಫೀನ್ ಯುದ್ಧದ ಬಳಿಕ ಖವಾರಿಜರು ‘ತೀರ್ಪು ಅಲ್ಲಾಹನಿಗೆ ಮಾತ್ರ’ ಎಂದು ಕೂಗಿದಾಗ, ಮಾತು ಸತ್ಯವಾದರೂ ಅದರ ಹಿಂದಿನ ಉದ್ದೇಶ ಮಿಥ್ಯವೆಂದು ಹಜ್ರತ್ ಅಲಿ(ರ) ಎಚ್ಚರಿಸಿದ್ದು ಪ್ರಸಿದ್ಧವಾಗಿದೆ. ಪವಿತ್ರ ವಚನವೊಂದು ವೇದಿಕೆಯಿಂದ ಕೇಳಿಬಂದಾಗ, ಅದನ್ನು ಆಡಿದವನು ಯಾರ ಕಡೆಗೆ ಬೆರಳು ತೋರುತ್ತಿದ್ದಾನೆಂದು ಗಮನಿಸಬೇಕು. ಬಡವನಿಗೆ ಸಹನೆಯನ್ನೂ ಎದುರಾಳಿಗೆ ಶಿಕ್ಷೆಯನ್ನೂ ಬೋಧಿಸಿ, ತನಗೆ ಮಾತ್ರ ವಿನಾಯಿತಿ ಪಡೆಯುವ ಮಾತು ರಾಜಕೀಯ ಸಭೆಯಿಂದ ಬಂದರೂ ಸರಿ, ನಮ್ಮದೇ ಮಿಂಬರ್‌ನಿಂದ ಬಂದರೂ ಸರಿ, ಅದನ್ನು ಒರೆಗೆ ಹಚ್ಚಲೇಬೇಕು.

ಪಕ್ಕದ ಮನೆಯವನು ಹಸಿದಿರುವಾಗ ಹೊಟ್ಟೆ ತುಂಬ ಉಣ್ಣುವವನ ವಿಶ್ವಾಸವನ್ನೇ ಪ್ರವಾದಿವರ್ಯರು(ಸ) ಪ್ರಶ್ನಿಸಿದ್ದಾರೆ. ಆ ಪಕ್ಕದ ಮನೆ ಯಾವ ಜಾತಿ, ಯಾವ ಧರ್ಮದ್ದೆಂದು ಅಲ್ಲಿ ಕೇಳಿಲ್ಲ. ನಮ್ಮ ಮಕ್ಕಳಿಗೆ ಯೆರಿಕೋ ದಾರಿಯ ಕಥೆಯನ್ನು ಹೇಳುವಾಗ ಸಮಾರ್ಯದವನ ನಾಣ್ಯಗಳನ್ನು ಎಣಿಸಿ ನಿಲ್ಲದೆ, ಇಂದು ನಮ್ಮ ಬೀದಿಯಲ್ಲಿ ನಾವು ಯಾರನ್ನು ಕಂಡು ಆಚೆ ಬದಿಗೆ ಸರಿದು ಬಂದೆವು ಎಂಬುದನ್ನೂ ಅವರೊಡನೆ ಕುಳಿತು ಕೇಳಿಕೊಳ್ಳೋಣ.