ಕಾಶಿ, ಬದರಿಗೆ ಕಾರಲ್ಲೇ ಹೊರಡ್ತೀರಾ? ಮಲೆನಾಡಿಂದ ದೂರದ ದಾರಿಗೆ ಯಾವ ಗಾಡಿ ಸರಿ

ಕೊಪ್ಪ: ಅಡಿಕೆ ಕೊನೆಕೊಯ್ಲು, ಕಾಫಿ ಕೊಯ್ಲು ಎರಡೂ ಮುಗಿದು, ಮಳೆ ಹಿಡಿಯೋಕೆ ಇನ್ನೂ ಸಮಯ ಇರುವ ಏಪ್ರಿಲ್–ಮೇ ತಿಂಗಳು ಕೊಪ್ಪ, ಶೃಂಗೇರಿ, ಎನ್.ಆರ್.ಪುರ ತಾಲ್ಲೂಕಿನವರಿಗೆ ದೂರದ ಯಾತ್ರೆಗೆ ಸಿಗುವ ಬಿಡುವು. ಬದರಿ, ಕೇದಾರದ ಬಾಗಿಲು ತೆರೆಯೋದೂ ಅಕ್ಷಯ ತೃತೀಯದ ಆಸುಪಾಸಿನಲ್ಲೇ. ರೈಲಿನ ಟಿಕೆಟ್ ಸಿಗಲಿಲ್ಲ ಅಂತಲೋ, ವಯಸ್ಸಾದವರಿಗೆ ಅನುಕೂಲ ಅಂತಲೋ ಕಾರಲ್ಲೇ ಹೊರಡುವವರಿಗೆ ಮೊದಲು ಏಳುವ ಪ್ರಶ್ನೆ, ಯಾವ ಗಾಡಿ?

ಷೋರೂಂನಲ್ಲಿ ಒಳ್ಳೆಯದು ಅನ್ನಿಸುವ ಕಾರೇ ಐದು ಸಾವಿರ ಕಿ.ಮೀ. ದಾರಿಗೂ ಒಳ್ಳೆಯದು ಅಂತ ಹೇಳೋಕಾಗಲ್ಲ. ದೂರದ ಗಾಡಿಗೆ ಬೇಕಾದ್ದು ಮೂರು: ಜನ ಮತ್ತು ಲಗೇಜು ಆರಾಮಾಗಿ ಹಿಡಿಯಬೇಕು, ಕೆಟ್ಟರೆ ಅಲ್ಲೇ ರಿಪೇರಿ ಆಗಬೇಕು, ಕಾಗದಪತ್ರ ಎಲ್ಲ ರಾಜ್ಯದಲ್ಲೂ ನಡೀಬೇಕು. ಇದರಲ್ಲಿ ಒಂದು ತಪ್ಪಿದರೂ ಎಷ್ಟೇ ದುಬಾರಿ ಗಾಡಿಯಾದರೂ ದಾರಿ ಮಧ್ಯೆ ಕೈಕೊಡುತ್ತೆ.

ಮೊದಲು ದೂರದ ಲೆಕ್ಕ

ಹೈದರಾಬಾದ್, ನಾಗ್ಪುರ, ಜಬಲ್ಪುರ, ರೀವಾ, ಪ್ರಯಾಗರಾಜ್ ಮೂಲಕ ಹೋದರೆ ಇಲ್ಲಿಂದ ಕಾಶಿಗೆ ಸುಮಾರು 2,000 ಕಿ.ಮೀ. ಹೋಗಿ ಬಂದು, ಊರೊಳಗಿನ ಓಡಾಟ ಸೇರಿ 4,500 ಅಂತ ಇಟ್ಟುಕೊಳ್ಳಬಹುದು. ಶೃಂಗೇರಿಯಿಂದ ಹೊರಟು ದ್ವಾರಕೆ, ಬದರಿ ದಾರಿಯ ಜೋಶಿಮಠ, ಪುರಿ ನೋಡಿಕೊಂಡು ಶಂಕರರ ನಾಲ್ಕೂ ಪೀಠ ಮುಗಿಸಿ ವಾಪಸ್ ಬರೋದಾದರೆ ಅಂದಾಜು 7,000ದಿಂದ 8,000 ಕಿ.ಮೀ.

ಲೀಟರಿಗೆ 15 ಕಿ.ಮೀ. ಕೊಡುವ ಗಾಡಿಗೆ ಕಾಶಿ ಯಾತ್ರೆಗೆ 300 ಲೀಟರ್ ಬೇಕು, 20 ಕೊಡುವ ಗಾಡಿಗೆ 225 ಲೀಟರ್. ಲೀಟರಿಗೆ 100 ರೂ. ಅಂತ ಹಿಡಿದರೆ ವ್ಯತ್ಯಾಸ 7,500 ರೂ. ಐದು ಜನ ಹಂಚಿಕೊಂಡರೆ ತಲಾ 1,500. ಅಂದರೆ ಮೈಲೇಜು ಒಂದನ್ನೇ ನೋಡಿ ಇಕ್ಕಟ್ಟಿನ ಗಾಡಿಯಲ್ಲಿ ಹದಿನೈದು ದಿನ ಕೂರಬೇಕಾಗಿಲ್ಲ.

ಏಳು ಸೀಟು ಅಂದ್ರೆ ಏಳು ಜನ ಅಲ್ಲ

ಮೂರೂ ಸಾಲಿನ ಸೀಟು ಬಳಸಿದಾಗ ಮಾರುತಿ ಎರ್ಟಿಗಾದ ಡಿಕ್ಕಿಯಲ್ಲಿ ಉಳಿಯೋದು 209 ಲೀಟರ್ ಜಾಗ. ಎರಡು ಸೂಟ್‌ಕೇಸ್ ಇಟ್ಟರೆ ತುಂಬಿತು. ಇನ್ನೋವಾ ಕ್ರಿಸ್ಟಾದಲ್ಲಿ ಸ್ವಲ್ಪ ಹೆಚ್ಚು, ಆದರೂ ಏಳು ಜನರ ಹದಿನೈದು ದಿನದ ಬಟ್ಟೆಗೆ ಸಾಲೋದಿಲ್ಲ. ಏಳು ಸೀಟಿನ ಗಾಡಿಗೆ ಐದು ಜನ, ಐದು ಸೀಟಿನದಕ್ಕೆ ಮೂರು, ಹೆಚ್ಚೆಂದರೆ ನಾಲ್ಕು ಅನ್ನೋದು ಸರಿಯಾದ ಲೆಕ್ಕ. ಮೇಲೆ ಕ್ಯಾರಿಯರ್ ಹಾಕಿ ಭಾರ ಹೇರಿದರೆ ತಿರುವಿನಲ್ಲಿ ಗಾಡಿ ವಾಲುತ್ತೆ, ಮೈಲೇಜೂ ಇಳಿಯುತ್ತೆ.

ಬೊಲೆರೊದಂಥ ಗಾಡಿಯ ಹಿಂದಿನ ಅಡ್ಡ ಸೀಟು ಪೇಟೆಗೆ ಹೋಗಿಬರೋಕೆ ಸರಿ, ದಿನಕ್ಕೆ 400 ಕಿ.ಮೀ. ಕೂರೋಕಲ್ಲ. ಮಂಡಿನೋವಿನವರು ಇದ್ದರೆ ಬುಕ್ ಮಾಡೋ ಮುಂಚೆ ಅವರನ್ನೇ ಒಮ್ಮೆ ಗಾಡಿ ಹತ್ತಿಸಿ, ಇಳಿಸಿ ನೋಡಬೇಕು. ತೀರ ಎತ್ತರದ ಸೀಟೂ ಕಷ್ಟ, ತೀರ ತಗ್ಗಿನದೂ ಕಷ್ಟ.

ಡೀಸೆಲ್, ಪೆಟ್ರೋಲ್, ಗ್ಯಾಸ್

ಭಾರ ಹೊತ್ತು ಗುಡ್ಡ ಹತ್ತೋಕೆ ಡೀಸೆಲ್ ಅನುಕೂಲ. 2020ರ ಏಪ್ರಿಲ್ ನಂತರದ ಬಿ.ಎಸ್-6 ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತೆ. ಮನೆ, ತೋಟ, ಪೇಟೆ ಅಂತ ನಾಲ್ಕೈದು ಕಿ.ಮೀ. ಮಾತ್ರ ಓಡಾಡುವ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿದರೆ ಮಸಿ ತಾನೇ ಸುಟ್ಟುಹೋಗುತ್ತೆ. ಹೊರಡೋ ಮುಂಚೆಯೇ ಮೀಟರಿನಲ್ಲಿ ಫಿಲ್ಟರ್ ದೀಪ ಕಾಣಿಸಿಕೊಂಡಿದ್ದರೆ ಸರ್ವಿಸ್ ಸೆಂಟರಿಗೆ ತೋರಿಸದೆ ಹೊರಡಬಾರದು.

ನಾಲ್ಕು ಜನರಿಗೆ ಪೆಟ್ರೋಲ್ ಗಾಡಿ ಸಾಕು. ಸಿ.ಎನ್.ಜಿ. ಖರ್ಚು ಕಮ್ಮಿ, ಆದರೆ ಸಿಲಿಂಡರ್ ಡಿಕ್ಕಿಯ ಜಾಗ ತಿನ್ನುತ್ತೆ, ಗುಡ್ಡಗಾಡಿನಲ್ಲಿ ಪಂಪ್ ಅಪರೂಪ. ಎಲೆಕ್ಟ್ರಿಕ್ ಕಾರಿನವರು ಪ್ರತಿ ನಿಲುಗಡೆಯನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ವಯಸ್ಸಾದವರನ್ನು ಕರ್ಕೊಂಡು ಹೋಗುವ ಮೊದಲ ಯಾತ್ರೆಗೆ ಅದು ಬೇಡ.

ಕೆಟ್ಟರೆ ಎಲ್ಲಿ ರಿಪೇರಿ?

ಮಾರುತಿ, ಮಹೀಂದ್ರ, ಟಾಟಾ, ಹ್ಯುಂಡೈ, ಟೊಯೊಟಾ ಗಾಡಿಗಳಿಗೆ ಉತ್ತರದ ಜಿಲ್ಲಾ ಕೇಂದ್ರಗಳಲ್ಲೂ ಮೆಕ್ಯಾನಿಕ್, ಬಿಡಿಭಾಗ ಸಿಗುತ್ತೆ. ಟವೇರಾ ಮಾರುತ್ತಿದ್ದ ಷೆವರ್ಲೆ 2017ರ ಕೊನೆಗೆ ಇಲ್ಲಿನ ಮಾರಾಟ ನಿಲ್ಲಿಸಿತು. ಫೋರ್ಡ್ 2021ರಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಊರಲ್ಲಿ ಗೊತ್ತಿರುವ ಮೆಕ್ಯಾನಿಕ್ ಇರೋತನಕ ಈ ಗಾಡಿಗಳು ಚೆನ್ನಾಗೇ ಓಡುತ್ತವೆ. ಆದರೆ ರೀವಾದ ಹತ್ತಿರ ಒಂದು ಸಣ್ಣ ಪಾರ್ಟ್‌ಗೆ ಮೂರು ದಿನ ಕಾದರೆ ಇಡೀ ಯಾತ್ರೆಯ ಲೆಕ್ಕ ತಪ್ಪುತ್ತೆ.

ಹಳೇ ಗಾಡಿಯವರು ದೆಹಲಿ ನೋಡಿಕೊಳ್ಳಿ

ದೆಹಲಿ ಮತ್ತು ಸುತ್ತಲಿನ ರಾಜಧಾನಿ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ಗಾಡಿಗಳಿಗೆ ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧ ಹಾಕಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರಲ್ಲಿ ವಿಷಯ ಮತ್ತೆ ಕೋರ್ಟಿಗೆ ಹೋಗಿ ಆದೇಶ ಬದಲಾಗಿದೆ, ಹಾಗಾಗಿ ಹೊರಡುವ ವಾರ ಈಗಿನ ನಿಯಮ ವಿಚಾರಿಸಬೇಕು. ಚಳಿಗಾಲದಲ್ಲಿ ಹೊಗೆ ಹೆಚ್ಚಾದಾಗ ಬಿ.ಎಸ್-3 ಪೆಟ್ರೋಲ್, ಬಿ.ಎಸ್-4 ಡೀಸೆಲ್ ಕಾರುಗಳಿಗೂ ಅಲ್ಲಿ ತಡೆ ಬೀಳುತ್ತೆ. ಕಾಶಿಯಿಂದ ಹರಿದ್ವಾರಕ್ಕೆ ಹೋಗುವವರಿಗೆ ದೆಹಲಿ ಕಡೆ ಹೋಗಲೇಬೇಕು ಅಂತೇನಿಲ್ಲ. ಲಖನೌ, ಬರೇಲಿ, ಮೊರಾದಾಬಾದ್, ನಜೀಬಾಬಾದ್ ದಾರಿ ಇದೆ.

ವೈಟ್ ಬೋರ್ಡ್ ಬಾಡಿಗೆ ಬೇಡವೇ ಬೇಡ

ಎಲ್ಲಕ್ಕಿಂತ ದೊಡ್ಡ ಅಪಾಯ ಇಲ್ಲಿದೆ. ಪರಿಚಯದವರ ಸ್ವಂತ ಕಾರನ್ನು ಕಿ.ಮೀ.ಗೆ ಇಷ್ಟು ಅಂತ ಮಾತಾಡಿ ತಗೊಂಡು ಹೋದರೆ ಅಗ್ಗ ಅನ್ನಿಸುತ್ತೆ. ಆದರೆ ಖಾಸಗಿ ಕಾರಿನ ವಿಮೆ ಬಾಡಿಗೆ ಓಡಾಟಕ್ಕೆ ಅನ್ವಯಿಸೋದಿಲ್ಲ. ಅಪಘಾತವಾದರೆ ಕಂಪನಿ ಕ್ಲೇಮ್ ತಿರಸ್ಕರಿಸಬಹುದು. ಆಗ ಗಾಡಿ ಕೊಟ್ಟವರ ಮನೆ, ಹೋದವರ ಮನೆ ಎರಡೂ ಕೋರ್ಟು ಕಚೇರಿ ಅಲೆಯಬೇಕಾಗುತ್ತೆ. ಪರ್ಮಿಟ್ ಇಲ್ಲದ ಬಾಡಿಗೆ ಅಂತ ಗೊತ್ತಾದರೆ ಆರ್.ಟಿ.ಒ. ಗಾಡಿಯನ್ನೇ ಹಿಡಿದಿಡಬಹುದು.

ಬಾಡಿಗೆಗೆ ಹೋಗೋದಾದರೆ ಯೆಲ್ಲೋ ಬೋರ್ಡ್ ಗಾಡಿಯೇ ಬೇಕು. ಅದಕ್ಕೆ ಅಖಿಲ ಭಾರತ ಪ್ರವಾಸಿ ಪರ್ಮಿಟ್, ಫಿಟ್‌ನೆಸ್, ವಿಮೆ ಚಾಲ್ತಿಯಲ್ಲಿವೆಯಾ ಅಂತ ಅಡ್ವಾನ್ಸ್ ಕೊಡೋ ಮುಂಚೆ ನೋಡಬೇಕು. ಚಾರ್‌ಧಾಮ್ ಯಾತ್ರೆಗೆ ಹೋಗುವ ಯೆಲ್ಲೋ ಬೋರ್ಡ್ ಗಾಡಿಗೆ ಉತ್ತರಾಖಂಡದ ಗ್ರೀನ್ ಕಾರ್ಡ್ ಕೂಡ ಬೇಕು. ಯಾತ್ರಿಕರು ಬೇರೆಯಾಗಿ ನೋಂದಣಿ ಮಾಡಿಸಬೇಕು.

ಸ್ವಂತ ಕಾರಿನವರಿಗೆ 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಶುರುವಾಗಿದೆ; ಶುರುವಾದಾಗ ಅದರ ದರ 3,000 ರೂ. ಇತ್ತು. 200 ಟೋಲ್ ದಾಟುವವರೆಗೆ ಅಥವಾ ಒಂದು ವರ್ಷ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತೆ. ರಾಷ್ಟ್ರೀಯ ಹೆದ್ದಾರಿಗೆ ಮಾತ್ರ; ಯಮುನಾ ಎಕ್ಸ್‌ಪ್ರೆಸ್‌ವೇಯಂಥ ರಾಜ್ಯಗಳ ರಸ್ತೆಗೆ ಬೇರೆ ದುಡ್ಡು. ಯೆಲ್ಲೋ ಬೋರ್ಡಿಗೆ ಈ ಪಾಸ್ ಇಲ್ಲ.

ಮಲೆನಾಡಿನ ಗಾಡಿಗೆ ಬೇರೆಯದೇ ತಪಾಸಣೆ

ಇಲ್ಲಿ ಎಸಿ ಹಾಕೋದೇ ಅಪರೂಪ. ಮೇ ತಿಂಗಳಲ್ಲಿ ನಾಗ್ಪುರ, ಪ್ರಯಾಗರಾಜ್ ಕಡೆ ಬಿಸಿಲು 45 ಡಿಗ್ರಿ ಮುಟ್ಟುತ್ತೆ. ಎಸಿ ಗ್ಯಾಸ್, ರೇಡಿಯೇಟರ್ ಫ್ಯಾನ್, ಕೂಲೆಂಟ್, ಹೋಸ್ ಪೈಪು ನೋಡಿಸಲೇಬೇಕು. ನಿಂತ ಗಾಡಿಯ ವೈರನ್ನು ಇಲಿ ಕಡಿದಿದೆಯಾ ಅಂತಲೂ ಬಾನೆಟ್ ಎತ್ತಿ ನೋಡಬೇಕು.

ಕಮ್ಮಿ ಓಡಿದ ಟೈರು ನೋಡೋಕೆ ಹೊಸದರಂತಿದ್ದರೂ ರಬ್ಬರ್ ಗಟ್ಟಿಯಾಗಿರುತ್ತೆ. ಟೈರಿನ ಬದಿಯ ನಾಲ್ಕು ಅಂಕಿ ನೋಡಿ: 2319 ಅಂತ ಇದ್ದರೆ 2019ರ 23ನೇ ವಾರದ್ದು. ಐದಾರು ವರ್ಷ ದಾಟಿದ್ದರೆ ಬದಲಿಸೋದು ಒಳ್ಳೆಯದು. ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗಲೇ ನೋಡಬೇಕು.

ಗುಡ್ಡದ ರಸ್ತೆ ಇಲ್ಲಿನವರಿಗೆ ಹೊಸದಲ್ಲ. ಆಗುಂಬೆ ಘಾಟಿಯಂತೆ ಅಲ್ಲೂ ಇಳಿಜಾರಿನಲ್ಲಿ ಬ್ರೇಕ್ ತುಳಿದುಕೊಂಡೇ ಬರದೆ ಸೆಕೆಂಡ್ ಗೇರಿನಲ್ಲಿ ಇಳಿಸಬೇಕು. ವ್ಯತ್ಯಾಸ ಅಂದರೆ ಉದ್ದ: ಹೃಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿ.ಮೀ. ಘಾಟಿಯೇ. ಜೋಶಿಮಠ ಹೆಚ್ಚೂಕಮ್ಮಿ ಕುದುರೆಮುಖ ಶಿಖರದಷ್ಟು ಎತ್ತರದಲ್ಲಿದೆ, ಬದರಿ 3,100 ಮೀಟರ್ ಮೇಲೆ. ಕೇದಾರಕ್ಕೆ ಸ್ವಂತ ಗಾಡಿ ಸೋನ್‌ಪ್ರಯಾಗದವರೆಗೆ ಮಾತ್ರ.

ಕೊನೆಗೆ, ಯಾರಿಗೆ ಯಾವುದು

- ಮೂರು–ನಾಲ್ಕು ಜನ: ಸರ್ವಿಸ್ ಸರಿಯಾಗಿ ಆಗಿರುವ ಸ್ವಂತ ಸೆಡಾನ್ ಅಥವಾ ಸಣ್ಣ ಎಸ್‌ಯುವಿ. ಯಾತ್ರೆಗೆ ಅಂತಲೇ ಹೊಸ ಕಾರು ಬೇಡ.
- ಐದು ಜನ: ಎರ್ಟಿಗಾ, ಇನ್ನೋವಾದಂಥ ಗಾಡಿ, ಹಿಂದಿನ ಸೀಟು ಮಡಚಿ ಲಗೇಜಿಗೆ.
- ಆರಕ್ಕಿಂತ ಹೆಚ್ಚು: ಪರ್ಮಿಟ್ ಇರುವ ಟೆಂಪೋ ಟ್ರಾವೆಲರ್.
- 10 ವರ್ಷ ದಾಟಿದ ಡೀಸೆಲ್ ಗಾಡಿ: ದೆಹಲಿ ಸುತ್ತ ಬಿಟ್ಟು ದಾರಿ ಹಾಕಿಕೊಳ್ಳಿ.
- ಎಲ್ಲರಿಗೂ: ಇಬ್ಬರು ಡ್ರೈವರ್, ದಿನಕ್ಕೆ 400–500 ಕಿ.ಮೀ. ಮಿತಿ, ಕತ್ತಲಾದ ಮೇಲೆ ಓಡಿಸೋದು ಬೇಡ. ಹೊರಡುವ ಹತ್ತು ದಿನ ಮೊದಲೇ ಸರ್ವಿಸ್ ಮಾಡಿಸಿ, ಒಮ್ಮೆ ಶಿವಮೊಗ್ಗಕ್ಕೋ ಮಂಗಳೂರಿಗೋ ಎಸಿ ಹಾಕಿಕೊಂಡು ಹೋಗಿಬನ್ನಿ. ಏನಾದರೂ ತೊಂದರೆ ಇದ್ದರೆ ಊರಿನ ಮೆಕ್ಯಾನಿಕ್ ಕೈಗೆ ಸಿಗುವಾಗಲೇ ಗೊತ್ತಾಗುತ್ತೆ.