ಪಾವತಿ ಸಾಮರ್ಥ್ಯ ಮತ್ತು ಚಿಕಿತ್ಸೆ: ಕ್ಯಾಲಿಫೋರ್ನಿಯಾದ ಸಾರ್ವಜನಿಕ ಮಾನಸಿಕ ಆರೋಗ್ಯ ಸೇವೆಯಲ್ಲಿ ಶುಲ್ಕನಿರ್ಧಾರದ ಇತಿಹಾಸ

ಸಾರ್ವಜನಿಕ ಮಾನಸಿಕ ಆರೋಗ್ಯ ಸೇವೆಯ ಶುಲ್ಕವನ್ನು ಹಣಕಾಸು ಆಡಳಿತದ ವಿಷಯವೆಂದಷ್ಟೇ ಪರಿಗಣಿಸುವುದು ವಾಡಿಕೆಯಾದರೂ, ಮನೋರೋಗದ ವೆಚ್ಚದಲ್ಲಿ ಕುಟುಂಬದ ಪಾಲೆಷ್ಟು, ಸಮಾಜದ ಪಾಲೆಷ್ಟು ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳೇ ಶುಲ್ಕನಿಯಮಗಳಾಗಿ ರೂಪುಗೊಂಡವೆಂಬುದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಇತಿಹಾಸದಿಂದ ತಿಳಿದುಬರುತ್ತದೆ.

ರಾಜ್ಯದ ಮಾನಸಿಕ ಆಸ್ಪತ್ರೆಗಳಲ್ಲಿದ್ದ ರೋಗಿಗಳ ಪೋಷಣೆಯ ವೆಚ್ಚಕ್ಕೆ ಪತಿ, ಪತ್ನಿ, ತಂದೆತಾಯಿ ಹಾಗೂ ಮಕ್ಕಳನ್ನು ಅಲ್ಲಿನ ಹಳೆಯ ಕಾನೂನು ಹೊಣೆಯಾಗಿಸಿತ್ತು. ತಾಯಿಯ ಆಸ್ಪತ್ರೆ ವೆಚ್ಚವನ್ನು ಮೃತ ಮಗಳ ಆಸ್ತಿಯಿಂದ ವಸೂಲು ಮಾಡಲು ಸರ್ಕಾರ ಹೂಡಿದ್ದ, ಕಿರ್ಚ್ನರ್ ಪ್ರಕರಣವೆಂದೇ ಪ್ರಸಿದ್ಧವಾದ ದಾವೆಯಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 1964ರಲ್ಲಿ, ಮಾನಸಿಕ ರೋಗಿಗಳ ಆರೈಕೆ ಸರ್ಕಾರದ ಕರ್ತವ್ಯವಾಗಿರುವಾಗ ಅದರ ವೆಚ್ಚವನ್ನು ಒಂದು ವರ್ಗದ ಮೇಲೆ ಮಾತ್ರ ಹೊರಿಸುವುದು ಸಮಾನತೆಯ ತತ್ತ್ವಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ತೀರ್ಪಿನ ಆಧಾರವನ್ನು ಸ್ಪಷ್ಟಪಡಿಸುವಂತೆ ಅಮೆರಿಕದ ಸುಪ್ರೀಂ ಕೋರ್ಟ್ 1965ರಲ್ಲಿ ಪ್ರಕರಣವನ್ನು ಹಿಂದಿರುಗಿಸಿದಾಗ, ರಾಜ್ಯದ ಸಂವಿಧಾನವೇ ಅದಕ್ಕೆ ಸಾಕಾದ ಆಧಾರವೆಂದು ಅದೇ ನ್ಯಾಯಾಲಯ ಹೇಳಿತು.

ಇದಕ್ಕೂ ಮೊದಲೇ, 1957ರ ಶಾರ್ಟ್-ಡಾಯ್ಲ್ ಕಾಯ್ದೆಯು ಚಿಕಿತ್ಸೆಯನ್ನು ದೂರದ ದೊಡ್ಡ ಆಸ್ಪತ್ರೆಗಳಿಂದ ಜನವಸತಿಯ ಸಮೀಪಕ್ಕೆ ತರುವ ಉದ್ದೇಶದಿಂದ, ಕೌಂಟಿಗಳು, ಅಂದರೆ ಜಿಲ್ಲೆಗಳನ್ನು ಹೋಲುವ ಆಡಳಿತ ಘಟಕಗಳು, ನಡೆಸುವ ಸೇವೆಗಳ ವೆಚ್ಚದಲ್ಲಿ ಆರಂಭದಲ್ಲಿ ಅರ್ಧದಷ್ಟನ್ನು ರಾಜ್ಯವೇ ಭರಿಸುವ ವ್ಯವಸ್ಥೆ ಮಾಡಿತ್ತು. ಇಂಥ ಸೇವೆಗಳಿಗೆ ರೋಗಿಯ ಪಾವತಿ ಸಾಮರ್ಥ್ಯಕ್ಕೆ ತಕ್ಕಂತೆ, ಆದರೆ ನೈಜ ವೆಚ್ಚವನ್ನು ಮೀರದಂತೆ, ಶುಲ್ಕ ವಿಧಿಸಬೇಕೆಂಬ ನಿಯಮವೂ ರಾಜ್ಯದ ಕಾನೂನಿನಲ್ಲಿ ನೆಲೆಗೊಂಡಿತು.

ಈ ನಿಯಮವನ್ನು ಕಾರ್ಯರೂಪಕ್ಕೆ ತರಲು ರೂಪಿಸಲಾದ ಏಕರೂಪದ ವಿಧಾನವು 'ಉಮ್‌ಡ್ಯಾಪ್' ಎಂಬ ಹ್ರಸ್ವನಾಮದಿಂದ ಪರಿಚಿತವಾಗಿದೆ. ಕುಟುಂಬದ ಆದಾಯ, ಕೂಡಲೇ ನಗದಾಗಿಸಬಹುದಾದ ಆಸ್ತಿ ಮತ್ತು ಅವಲಂಬಿತರ ಸಂಖ್ಯೆಯನ್ನು ಪರಿಗಣಿಸಿ, ಮಕ್ಕಳ ಪಾಲನೆ, ವೈದ್ಯಕೀಯ ವೆಚ್ಚ ಮೊದಲಾದ ಅನಿವಾರ್ಯ ಖರ್ಚುಗಳನ್ನು ಕಳೆದು, ಒಂದು ವರ್ಷದ ಗರಿಷ್ಠ ಹೊಣೆಯನ್ನು ಅದು ನಿಗದಿಪಡಿಸುತ್ತದೆ. ಆ ಅವಧಿಯಲ್ಲಿ ಮನೆಯ ಎಷ್ಟೇ ಮಂದಿ ಎಷ್ಟೇ ಸಲ ಚಿಕಿತ್ಸೆ ಪಡೆದರೂ, ಸೇವೆಯ ನೈಜ ವೆಚ್ಚ ಹಾಗೂ ಈ ಮಿತಿ, ಇವೆರಡರಲ್ಲಿ ಕಡಿಮೆಯಾದುದನ್ನಷ್ಟೇ ಕುಟುಂಬ ತೆರಬೇಕಾಗುತ್ತದೆ. ಶುಲ್ಕವೇ ಚಿಕಿತ್ಸೆಗೆ ಅಡ್ಡಿಯಾಗುವ ಸಂದರ್ಭದಲ್ಲಿ ಮಿತಿಯನ್ನು ಮತ್ತಷ್ಟು ತಗ್ಗಿಸುವ ಅವಕಾಶವೂ ಇದೆ. ಮನೋರೋಗದ ಚಿಕಿತ್ಸೆ ಬಹುಕಾಲ ಸಾಗಬೇಕಾದುದರಿಂದ, ಭೇಟಿಗಳನ್ನು ಎಣಿಸದೆ ವರ್ಷದ ಹೊಣೆಗೆ ಗಡಿ ಹಾಕಿರುವುದು ಈ ವಿಧಾನದ ಅತ್ಯಂತ ಮಾನವೀಯ ಅಂಶವಾಗಿದೆ.

ಆದರೆ ಈ ಮಿತಿಯನ್ನು ನಿಗದಿಪಡಿಸಲು, 1989ರ ಅಕ್ಟೋಬರ್ 1ರಂದು ಜಾರಿಗೆ ಬಂದ ಶುಲ್ಕಪಟ್ಟಿಯನ್ನೇ ಹಲವು ಕೌಂಟಿಗಳು 21ನೆಯ ಶತಮಾನದಲ್ಲಿಯೂ ಬಳಸುತ್ತ ಬಂದವು. ಬೆಲೆಯೇರಿಕೆಯೊಂದಿಗೆ ಸಂಬಳದ ಅಂಕಿ ಏರಿ, ಅದರ ಕೊಳ್ಳುವ ಶಕ್ತಿ ಇದ್ದಲ್ಲಿಯೇ ಉಳಿದಾಗ, ಬದಲಾಗದ ಪಟ್ಟಿಯು ಅದೇ ಸ್ಥಿತಿಯ ಕುಟುಂಬವನ್ನು ಹೆಚ್ಚು ಅನುಕೂಲಸ್ಥ ಶ್ರೇಣಿಗೆ ಸೇರಿಸಿ, ಅದರ ಮೇಲಿನ ಹೊರೆಯನ್ನು ಹೆಚ್ಚಿಸುತ್ತದೆ. ಆದ್ದರಿಂದ ಪಾವತಿ ಸಾಮರ್ಥ್ಯದ ತತ್ತ್ವವನ್ನು ಕಾನೂನಿನಲ್ಲಿ ಘೋಷಿಸಿದ ಮಾತ್ರಕ್ಕೆ ನ್ಯಾಯ ದೊರೆಯುವುದಿಲ್ಲ. ಜೀವನವೆಚ್ಚಕ್ಕೆ ಅನುಗುಣವಾಗಿ ಪಟ್ಟಿಯನ್ನು ನಿಯತವಾಗಿ ಪರಿಷ್ಕರಿಸುವ ಹೊಣೆಯನ್ನೂ ಕಾನೂನೇ ವಿಧಿಸಬೇಕು ಎಂಬುದು ಈ ಇತಿಹಾಸದಿಂದ ಸಿದ್ಧವಾಗುತ್ತದೆ.