ಇಗರ್ಜಿ ಶಾಲೆಯ ಮಾಸ್ಟ್ರು, ಟೀಚರು

"ಮಾಸ್ಟ್ರೇ, ಶಾಲಿ ಕಟ್ಟಡದ್ ಬಗ್ಗೆ ನಾಕ್ ಪುಟ ಬರ್ದ್ ಕೊಡಿ" ಎಂದು ನಮ್ಮ ಇಗರ್ಜಿ ಶಾಲೆಯ ಹಬ್ಬದ ಸಂಚಿಕೆ ಸಮಿತಿಯವರು ಮರವಂತೆಯ ನನ್ನ ಮನೆಗೆ ಬಂದು ಕೇಳಿದರು. ಕಟ್ಟಡಕ್ಕೆ ದಾನ ಕೊಟ್ಟವರ ಹೆಸರು ಹೇಗೂ ಗೋಡೆಯ ಕಲ್ಲಿನಲ್ಲಿ ಕೆತ್ತಿದೆ. ಒಳಗೆ ನಿಂತು ಪಾಠ ಹೇಳಿದವರ ಹೆಸರು ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಇಲ್ಲ. ಹಾಗಾಗಿ ಅವರ ಬಗ್ಗೆ ಬರೆಯುತ್ತೇನೆ, ಆದರೆ ಹಾಕಿ, ಇಲ್ಲದಿದ್ದರೆ ಬಿಡಿ ಎಂದೆ. ಒಪ್ಪಿದರು.

ನಮ್ಮ ಕಡೆಯ ಕ್ರೈಸ್ತರ ಕಥೆ ಹಳೆಯದು. ಕುಂದಾಪುರದ ರೋಸರಿ ಇಗರ್ಜಿ 1570ರದ್ದು. ಮುಂದೆ ಸಂತರಾದ ಜೋಸೆಫ್ ವಾಜ್ ಪಾದ್ರಿಗಳು 1681ರಿಂದ 1684ರವರೆಗೆ ಕೆನರಾದಲ್ಲಿ ಓಡಾಡಿದವರು, ಕುಂದಾಪುರದಲ್ಲಿ ಅವರ ನೆನಪು ಇಂದಿಗೂ ಹಸಿರು. 1784ರಲ್ಲಿ ಟಿಪ್ಪು ಸುಲ್ತಾನ ಕ್ರೈಸ್ತರನ್ನು ಸೆರೆ ಒಯ್ದಾಗ ಚದುರಿಹೋದ ಕುಟುಂಬಗಳು, 1799ರಲ್ಲಿ ಅವನು ಮಡಿದ ನಂತರ, ಒಂದೊಂದಾಗಿ ಮರಳಿದವು. ಮೊದಲು ಗದ್ದೆ ಬೇಕಿತ್ತು, ಸೂರು ಬೇಕಿತ್ತು. ಸರಿಯಾದ ಶಾಲೆ ಬರುವಷ್ಟರಲ್ಲಿ ಎರಡು ಮೂರು ತಲೆಮಾರು ಕಳೆದಿತ್ತು.

ಆ ಮಧ್ಯೆ ಗೋವೆಯ ಅಧಿಕಾರವೋ ರೋಮಿನ ನೇರ ಅಧಿಕಾರವೋ ಎಂಬ ತಕರಾರು ನಮ್ಮ ಇಗರ್ಜಿಗಳನ್ನು ಬಹುಕಾಲ ಕಾಡಿತು. 1886ರಲ್ಲಿ ಮಂಗಳೂರು ಧರ್ಮಪ್ರಾಂತ್ಯವಾದ ಮೇಲೂ ಎಲ್ಲರ ಮನಸ್ಸು ಒಂದಾಗಲಿಲ್ಲ. ಬ್ರಹ್ಮಾವರದ ರೋಕ್ ಜೆಫ್ರಿನ್ ನೊರೊನ್ಹಾ ಪಾದ್ರಿಗಳು ತಮ್ಮ ಜನರೊಂದಿಗೆ ಸಿರಿಯನ್ ಸಭೆಗೆ ಹೋದರು. ಯಾರದು ಸರಿ ಯಾರದು ತಪ್ಪು ಎಂಬುದು ಹಬ್ಬದ ಸಂಚಿಕೆಗೆ ಬೇಡ. ಅವರೂ ಅಲ್ಲಿ ಶಾಲೆ ಕಟ್ಟಿದರು, ಮಕ್ಕಳು ಕಲಿತರು. ನನ್ನ ಮಟ್ಟಿಗೆ ಅಷ್ಟು ಸಾಕು.

ಇನ್ನು ಟೀಚರರ ವಿಷಯ. 1870ರಲ್ಲಿ ಬಿಷಪ್ ಮರೀ ಎಫ್ರೆಮ್ ಅವರ ಕರೆಗೆ ಫ್ರಾನ್ಸಿನಿಂದ ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು ಮಂಗಳೂರಿಗೆ ಬಂದಿಳಿದರು. ಆ ಸಭೆಯನ್ನು ಸ್ಥಾಪಿಸಿದ ಮದರ್ ವೆರೋನಿಕಾ ಆಂಗ್ಲಿಕನ್ ಪಾದ್ರಿಯ ಮಗಳು, ಹುಟ್ಟಿದ್ದು ಕಾನ್‌ಸ್ಟಾಂಟಿನೋಪಲಿನಲ್ಲಿ. ಸಿಸ್ಟರ್‌ಗಳು ಸಂತ ಆ್ಯನ್ಸ್ ಶಾಲೆ ನಡೆಸಿದರು, ಮುಂದೆ ಹೆಣ್ಣುಮಕ್ಕಳಿಗೆ ಶಿಕ್ಷಕಿ ತರಬೇತಿಯನ್ನೂ ಕೊಟ್ಟರು. ಅಲ್ಲಿ ತರಬೇತಿ ಪಡೆದ ಹುಡುಗಿಗೆ ಕುಂದಾಪುರದ ಕಡೆ ಕೆಲಸ ಸಿಕ್ಕಿತೆನ್ನಿ. ಗುರುಪುರ ಹೊಳೆ, ಶಾಂಭವಿ, ಉದ್ಯಾವರ ಹೊಳೆ, ಸ್ವರ್ಣಾ, ಸೀತಾ ಎಲ್ಲ ದಾಟಬೇಕು. ಸೇತುವೆಗಳಿಲ್ಲದ ಕಾಲದಲ್ಲಿ ಪ್ರತಿ ಕಡವಿನಲ್ಲೂ ದೋಣಿ ಕಾಯಬೇಕು. ಮಳೆಗಾಲ ಹಿಡಿದರೆ ಊರಿಗೆ ಹೋಗುವ ಮಾತೇ ಇಲ್ಲ. ಮನೆ ಬಿಟ್ಟು ಹೆಣ್ಣುಮಗಳೊಬ್ಬಳು ಹಾಗೆ ಬಂದು ನಿಲ್ಲುವುದಕ್ಕೆ ಎಷ್ಟು ಎದೆಗಾರಿಕೆ ಬೇಕು ಎಂದು ಈಗಿನವರು ಸ್ವಲ್ಪ ಯೋಚಿಸಬೇಕು.

ಈ ಟೀಚರುಗಳು ಎಂಥ ಮನೆಯವರು ಎಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಮಂಗಳೂರಿನ ಬೆಂದೂರಿನಲ್ಲಿದೆ. ಅಲ್ಲಿನ ಸಂತ ಸೆಬಾಸ್ಟಿಯನ್ ಶಾಲೆಯಲ್ಲಿ ರೆಜಿನಾ ಗೊನ್ಸಾಲ್ವಿಸ್, ಆ್ಯಲಿಸ್ ಡಿಸೋಜ, ಫ್ಲೋರಾ ಮಥಾಯಸ್, ನಿಂಫಾ ಗೋವಿಯಸ್ ಎಂಬ ನಾಲ್ವರು ಕಲಿಸುತ್ತಿದ್ದರು. ನಾಲ್ವರಿಗೂ ಸಿಸ್ಟರ್ ಆಗುವ ಆಸೆ. ಆಗ ಮಠ ಸೇರಬೇಕೆಂದರೆ ದೋತ್, ಅಂದರೆ ವರದಕ್ಷಿಣೆಯಂಥ ಹಣ, ಕೊಡಬೇಕಿತ್ತು. ಮದುವೆಗೂ ದೋತ್, ಮಠಕ್ಕೂ ದೋತ್. ಬಡವರ ಮನೆಯ ಹುಡುಗಿ ಎಲ್ಲಿಗೆ ಹೋಗಬೇಕು? ಬೆಂದೂರಿನ ಚರ್ಚಿನ ಗುರು ರೇಮಂಡ್ ಮಸ್ಕರೇನ್ಹಸರು, 1875ರಲ್ಲಿ ಶಿವಮೊಗ್ಗೆಯಲ್ಲಿ ಹುಟ್ಟಿದವರು, ಇದನ್ನು ಮನಸ್ಸಿಗೆ ಹಚ್ಚಿಕೊಂಡರು. 1921ರ ಜುಲೈ 16ರಂದು, ಕಾರ್ಮೆಲ್ ಮಾತೆಯ ಹಬ್ಬದ ದಿನ, ಈ ನಾಲ್ವರಿಂದಲೇ ಬೆಥನಿ ಸಂಸ್ಥೆ ಶುರುವಾಯಿತು. ಟೀಚರಾಗಿದ್ದವರೇ ಸಿಸ್ಟರ್ ಮಾರ್ಥಾ, ಕ್ಲಾರಾ, ಲೂರ್ಡ್ಸ್, ಗೆರ್ಟ್ರೂಡ್ ಆದರು. ಅದೇ ವರ್ಷ ಅದೇ ಬೆಂದೂರಿನಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜೂ ತೆರೆಯಿತು. ಕಾಲೇಜಿಗೆ ಹೋಗುವಷ್ಟು ಅನುಕೂಲ ಇದ್ದವರ ಹೆಸರು ಊರಲ್ಲಿ ಬೇಗ ಹಬ್ಬಿತು. ಹಳ್ಳಿಹಳ್ಳಿಗೆ ಹೋಗಿ ಅ ಆ ಇ ಈ ತಿದ್ದಿಸಿದವರು ಮಾತ್ರ ಈ ನಾಲ್ವರ ದಾರಿ ಹಿಡಿದವರು.

ಗಂಡು ಮಾಸ್ಟ್ರುಗಳ ದಾರಿ ಬೇರೆ. ಹೆಚ್ಚಿನವರು ಗೇಣಿ ಗದ್ದೆಯ ಮನೆಯವರು. ಎಂಟನೆಯ ಕ್ಲಾಸಿನ ಇ.ಎಸ್.ಎಲ್.ಸಿ. ಪಾಸು ಮಾಡಿ, ಎರಡು ವರ್ಷ ಟ್ರೈನಿಂಗ್ ಮುಗಿಸಿ ಬಂದರೆ ಅವರೇ ಊರಿನ ವಿದ್ವಾಂಸರು. ಮದ್ರಾಸ್ ಸರ್ಕಾರದ ಗ್ರಾಂಟು ಬಂದಾಗ ಸಂಬಳ, ಬರದಿದ್ದಾಗ ಶಾಲೆಯ ಆಡಳಿತ ನೋಡುವ ಕರೆಸ್ಪಾಂಡೆಂಟ್ ಪಾದ್ರಿಗಳ ಮುಖ ನೋಡುವುದು. ಇನ್ಸ್‌ಪೆಕ್ಟರು ಬರುತ್ತಾರೆಂದರೆ ಮಾಸ್ಟ್ರು ಮನೆಮನೆಗೆ ಹೋಗಿ ಮಕ್ಕಳನ್ನು ಹಿಡಿದು ತರುವರು, ಏಕೆಂದರೆ ಹಾಜರಿ ಬಿದ್ದರೆ ಗ್ರಾಂಟೂ ಬೀಳುತ್ತಿತ್ತು. ಮೀನಿನ ಹಂಗಾಮಿನಲ್ಲಿ ಖಾರ್ವಿಗಳ, ಮೊಗವೀರರ ಮಕ್ಕಳು ಕಡಲ ಬದಿಯಲ್ಲಿರುತ್ತಿದ್ದರು. ನಮ್ಮ ಹಿರಿಯ ಮಾಸ್ಟ್ರೊಬ್ಬರು ಹೊಯಿಗೆಯ ಮೇಲೇ ಕೂತು ಮಗ್ಗಿ ಹೇಳಿಸುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಅವರೇ ಭಾನುವಾರ ಇಗರ್ಜಿಯಲ್ಲಿ ಪಿಟೀಲು ಹಿಡಿದು ಗಾಯನ ಮಂಡಳಿ ನಡೆಸುವವರು, ಸಂಜೆ ಯಾರದೋ ಮನೆಯ ಕಾಗದ ಓದಿ ಹೇಳುವವರು.

ಎಲ್ಲರೂ ಕ್ರೈಸ್ತರೇ ಎಂದು ಯಾರೂ ತಿಳಿಯಬಾರದು. ನನಗೆ ಕನ್ನಡ ಕಲಿಸಿದ ಪಂಡಿತರು ಜನಿವಾರದವರು. ಶಾಲೆ ಬಿಟ್ಟ ಮೇಲೆ ತಾಳಮದ್ದಳೆಗೆ ಹೋಗುತ್ತಿದ್ದರು, ಅರ್ಥ ಹೇಳುವುದರಲ್ಲಿ ಎತ್ತಿದ ಕೈ. ನಮ್ಮ ಮನೆಮಾತು ಕೊಂಕಣಿ, ನೆರೆಮನೆಯದು ಕುಂದಾಪ್ರ ಕನ್ನಡ. ಪುಸ್ತಕದ ಕನ್ನಡ ಇಬ್ಬರ ಮಕ್ಕಳಿಗೂ ಅಷ್ಟೇ ದೂರ. ಆ ದೂರವನ್ನು ಕಡಿಮೆ ಮಾಡಿದವರು ಅವರು.

1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಇ.ಎಸ್.ಎಲ್.ಸಿ. ಮಾಸ್ಟ್ರುಗಳು ಹೋಗಿ ಟಿ.ಸಿ.ಎಚ್. ತರಬೇತಿಯವರು ಬಂದರು, ಹಂಚಿನ ಮಾಡು ಹೋಗಿ ತಾರಸಿ ಬಂತು. ವಿಶೇಷ ಇಲ್ಲ.

ವಿಶೇಷ ಇದ್ದದ್ದು ನಾಟಕದಲ್ಲಿ. ನಾನು ಇದೇ ಶಾಲೆಗೆ ಮಾಸ್ಟ್ರಾಗಿ ಬಂದ ಮೇಲೆ ವಾರ್ಷಿಕೋತ್ಸವಕ್ಕೆ ಮಕ್ಕಳ ನಾಟಕ ತಂಡ ಕಟ್ಟಿದೆ. ತ್ರಾಸಿ, ಗಂಗೊಳ್ಳಿ, ನಾವುಂದದಿಂದ ಜನ ಬರುತ್ತಿದ್ದರು. ಪರದೆ ಬರೆದದ್ದು ಡ್ರಾಯಿಂಗ್ ಮಾಸ್ಟ್ರು, ವೇಷದ ಬಟ್ಟೆ ಹೊಲಿದದ್ದು ಸಿಸ್ಟರ್‌ಗಳು. ಒಮ್ಮೆ ರಾಜನ ಪಾತ್ರದ ಹುಡುಗನಿಗೆ ಜ್ವರ ಬಂದು, ಮಂತ್ರಿಯೇ ಎರಡು ಕಿರೀಟ ಬದಲಿಸುತ್ತ ಇಬ್ಬರ ಮಾತನ್ನೂ ಹೇಳಿದ. ಜನ ಒನ್ಸ್ ಮೋರ್ ಎಂದರು. ಶಾಲೆಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಸಂಜೆ ಇನ್ನೊಂದಿಲ್ಲ ಎಂದರೆ ಸಮಿತಿಯ ಕೆಲವರು ನಗಬಹುದು. ಅವರು ಆಗ ಹುಟ್ಟಿರಲಿಲ್ಲ.

ಇಂಗ್ಲಿಷ್ ಮಾಧ್ಯಮ ತೆರೆಯುವಾಗ ಎರಡು ಅಭಿಪ್ರಾಯಗಳಿದ್ದವು. ಅದಕ್ಕಾಗಿ ಕರೆದ ಸಭೆಗಳಲ್ಲಿ ಧ್ವನಿ ಏರಿದ್ದೂ ಉಂಟು. ಎರಡೂ ಕಡೆಯವರು ಈಗ ಒಟ್ಟಿಗೆ ಹಬ್ಬ ಮಾಡುತ್ತಿರುವುದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ. 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ ಆದ ಮೇಲೆ ಬಿಷಪರ ಮನೆ ಹತ್ತಿರವಾಯಿತು, ಕಾಗದಪತ್ರದ ಓಡಾಟ ಕಡಿಮೆಯಾಯಿತು.

ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಹಳೆಯ ಗ್ರೂಪ್ ಫೋಟೊ ಒಂದಿದೆ. ಕುರ್ಚಿಯಲ್ಲಿ ಕೂತ ಪಾದ್ರಿಗಳ ಹೆಸರು ಕೆಳಗೆ ಬರೆದಿದೆ, ಹಿಂದೆ ನಿಂತ ಟೀಚರು, ಮಾಸ್ಟ್ರುಗಳದ್ದು ಬರೆದಿಲ್ಲ. ಕೆಲವರ ಗುರುತು ನನಗೆ ಸಿಕ್ಕಿದೆ. ಬಲತುದಿಯ ಇಬ್ಬರು ಟೀಚರು ಯಾರು, ಯಾವ ಊರಿನವರು ಎಂದು ಬಲ್ಲವರು ಯಾರಾದರೂ ಇದ್ದರೆ ಹಬ್ಬಕ್ಕೆ ಮೊದಲು ಸಮಿತಿಗೆ ತಿಳಿಸಿ. ಫೋಟೊಕ್ಕೆ ಹೊಸ ಕಟ್ಟು ಹಾಕಿಸುವಾಗ ಹೆಸರು ಸೇರಿಸುತ್ತೇವೆ.